‘ಸ್ಥಿರಾಂಕ’ವನ್ನು ಇನ್ನೊಂದು ಭಾಷೆಗೆ ‘ತೆರೆದಿಡು’ವುದು ಎನ್ನಬಹುದೇ?

ಮಾನ್ಯರೇ,

ಓಪನ್‌ಸಿವಿ ಎಂಬ ಕಂಪ್ಯೂಟರ್ ವಿಷನ್ (ಕಂಪ್ಯೂಟರ್‌ನಿಂದ ಚಿತ್ರಗಳನ್ನು ವಿಶ್ಲೇಷಿಸುವ) ಲೈಬ್ರರಿಯನ್ನು ಪೈಥಾನ್‌ನಲ್ಲಿ ಬಳಸುವ ಬಗೆಯನ್ನು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಿ ಪ್ಲಸ್ ಪ್ಲಸ್‌ನಲ್ಲಿರುವ ಕಾನ್‌ಸ್ಟಂಟ್‌ಗಳನ್ನು, ಅಂದರೆ ಬೆಲೆ ಬದಲಾಗದ ಹೆಸರುಗಳನ್ನು, ಪೈಥಾನ್‌ಗೆ ‘ಎಕ್ಸ್‌ಪೋಸ್’ ಮಾಡುವ, ಅಂದರೆ ಅಲ್ಲಿಂದಲೂ ಬಳಸಲು ಸಿಗುವಂತೆ ಮಾಡುವ, ಮಾತು ಬಂದಾಗ ಸರಿಯಾದ ಕ್ರಿಯಾಪದ ಸಿಗದೆ ತಡವರಿಸುತ್ತಿದ್ದೇನೆ.

ನಾಮಪದದ ಮಟ್ಟಿಗೆ, ಗಣಿತದ ಪಠ್ಯಗಳಲ್ಲಿ ಬೇರೂರಿರುವ ‘ಸ್ಥಿರಾಂಕ’ವನ್ನೇ ಇಟ್ಟುಕೊಂಡಿದ್ದೇನೆ. ‘ನಿಯತಾಂಕ’ವನ್ನು ಪ್ಯಾರಾಮೀಟರ್ (ಫಂಕ್ಷನ್‌ಗೆ ಹೊರಗಿನಿಂದ ಕೊಡುವ ಬೆಲೆ) ಎಂಬ ಅರ್ಥದಲ್ಲಿಯೂ ಬಳಸುವವರಿದ್ದಾರೆ, ಫಂಕ್ಷನ್‌ಗೆ ಸ್ಥಿರಾಂಕವನ್ನೇ ಪ್ಯಾರಾಮೀಟರ್ ಆಗಿ ಕೊಡುವ ಈ ಲೈಬ್ರರಿಯಲ್ಲಿ ಅದರಿಂದ ಗೊಂದಲವೇ ಹೆಚ್ಚುತ್ತದೆ. ಆದರೂ ‘ಅಂಕ’ ಎಂಬ ಭಾಗ ಎಲ್ಲ ಕಡೆಯೂ ಒಂದೇ ತೂಕದ್ದಲ್ಲ. ಬಣ್ಣದ ಚಿತ್ರವನ್ನು ಬೂದುಬಣ್ಣಕ್ಕೆ ತಿರುಗಿಸುವ ‘ಕಲರ್_ಬಿಜಿಆರ್2ಗ್ರೇ’ಯ ಬೆಲೆ 6, ಅದು ಬರಿಯ ಗುರುತು. ಚಿತ್ರದ ದತ್ತಾಂಶದ ಬಗೆಯನ್ನು ಸೂಚಿಸುವ ‘ಸಿವಿ_8ಯುಸಿ3’ರ ಬೆಲೆ ಓಪನ್‌ಸಿವಿಯ 4ನೇ ಆವೃತ್ತಿಯಲ್ಲಿ 16, ಅದರಲ್ಲಿ 8 ಬಿಟ್‌ನ ಮಾದರಿಗೆ ಸಲ್ಲುವ 0 ಮತ್ತು ಮೂರು ಚಾನೆಲ್‌ಗಳಿಗೆ (ಬಣ್ಣದ ಪದರಗಳಿಗೆ) ಸಲ್ಲುವ 16 ಎರಡೂ ಕೂಡಿಕೊಂಡಿವೆ.

ಕ್ರಿಯಾಪದದ ತೊಡಕು ಇದಕ್ಕಿಂತ ದೊಡ್ಡದು. ‘ಬಯಲು ಮಾಡು’ ಎಂದರೆ ಗುಟ್ಟು ಹೊರಬಿದ್ದಂತಾಗುತ್ತದೆ. ‘ಒಡ್ಡು’ ಎಂದರೆ ಬಿಸಿಲಿಗೋ ಅಪಾಯಕ್ಕೋ ಒಡ್ಡಿದ ನೆನಪು ಬರುತ್ತದೆ. ‘ತೆರೆದಿಡು’ ಕಿವಿಗೆ ಹಿತವಾಗಿದೆ, ಫಂಕ್ಷನ್‌ಗಳಿಗೆ ಒಪ್ಪುತ್ತದೆ ಕೂಡ, ಏಕೆಂದರೆ ಕಂಪೈಲ್ ಆದ (ಯಂತ್ರದ ಭಾಷೆಗೆ ತಿರುಗಿಸಿದ) ಲೈಬ್ರರಿಯಲ್ಲಿ ಅವು ಹೆಸರಿನೊಡನೆ ಉಳಿದಿದ್ದು ಹೊರಗಿನಿಂದ ಕರೆಯಲು ಸಿಗುತ್ತವೆ. ಸ್ಥಿರಾಂಕಗಳು ಹಾಗೆ ಉಳಿಯುವುದಿಲ್ಲ. ಮ್ಯಾಕ್ರೋ (ಒಂದು ಹೆಸರಿನ ಬದಲಿಗೆ ನೇರವಾಗಿ ಬೇರೆ ಪಠ್ಯವನ್ನಿಡುವ ಸೂಚನೆ) ಆಗಿ ಬರೆದವು ಕಂಪೈಲ್ ಆಗುವ ಮೊದಲೇ ತಮ್ಮ ಬೆಲೆಗೆ ಎಡೆಮಾಡಿಕೊಟ್ಟು ಮರೆಯಾಗುತ್ತವೆ. ಈನಮ್‌ನ (ಹೆಸರಿಟ್ಟ ಪೂರ್ಣಾಂಕಗಳ ಪಟ್ಟಿಯ) ಹೆಸರುಗಳೂ ಕಂಪೈಲ್ ಆದ ಕಡತದಲ್ಲಿ ಹುಡುಕಿ ಕರೆಯಬಹುದಾದ ಹೆಸರುಗಳಾಗಿ ಉಳಿಯುವುದಿಲ್ಲ. ಆದ್ದರಿಂದಲೇ ಓಪನ್‌ಸಿವಿಯ ಪೈಥಾನ್ ಬೈಂಡಿಂಗ್ (ಲೈಬ್ರರಿಯನ್ನು ಇನ್ನೊಂದು ಭಾಷೆಗೆ ಜೋಡಿಸುವ ಭಾಗ) ಸಿದ್ಧಪಡಿಸುವ ಸ್ಕ್ರಿಪ್ಟ್, ಸಿ ಪ್ಲಸ್ ಪ್ಲಸ್‌ನ ಘೋಷಣೆಗಳಿರುವ ಹೆಡರ್ ಕಡತಗಳನ್ನು ಓದಿ, ಅಲ್ಲಿ ಸಿಕ್ಕ ಈನಮ್‌ನ ಹೆಸರುಗಳನ್ನು ಬೆಲೆಸಮೇತ ‘ಸಿವಿ2’ ಮಾಡ್ಯೂಲ್‌ನಲ್ಲಿ ಹೊಸದಾಗಿ ನಮೂದಿಸುತ್ತದೆ. ಜಾವಾದಲ್ಲಿಯೂ ಅವು ‘ಕ್ಲಾಸ್’ ಒಳಗೆ ಮತ್ತೆ ಬರೆದ ಪೂರ್ಣಾಂಕಗಳೇ.

ಇಲ್ಲದ ಬಾಗಿಲನ್ನು ‘ತೆರೆದಿಟ್ಟೆವು’ ಎಂದು ಬರೆದರೆ, ಹೊಸ ಭಾಷೆಗೆ ಬೈಂಡಿಂಗ್ ಕಟ್ಟಲು ಹೊರಟ ವಿದ್ಯಾರ್ಥಿ ಸ್ಥಿರಾಂಕಗಳನ್ನು ಕಂಪೈಲ್ ಆದ ಕಡತದಲ್ಲಿ ಹುಡುಕುತ್ತ ದಿನ ಕಳೆಯಬೇಕಾಗುತ್ತದೆ. ಹಾಗಾಗಿ ಫಂಕ್ಷನ್‌ಗಳಿಗೆ ‘ತೆರೆದಿಡು’, ಸ್ಥಿರಾಂಕಗಳಿಗೆ ‘ಮರುನಮೂದಿಸು’ ಎಂದು ಬೇರ್ಪಡಿಸಿ ಬಳಸಬೇಕೆಂದುಕೊಂಡಿದ್ದೇನೆ. ‘ಮರುನಮೂದಿಸು’ ಎಂಬುದು ಕಚೇರಿಯ ದಾಖಲೆ ಪುಸ್ತಕವನ್ನು ನೆನಪಿಸುತ್ತದೆಯೇ? ಎರಡಕ್ಕೂ ‘ಒದಗಿಸು’ ಎಂದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆಯಲ್ಲವೇ? ಪ್ರೋಗ್ರಾಮಿಂಗ್ ಪಾಠಗಳನ್ನು ಕನ್ನಡದಲ್ಲಿ ಹೇಳಿ ಅನುಭವವಿರುವವರು ತಾವು ಬಳಸುವ ಪದವನ್ನು ಒಂದು ವಾಕ್ಯದೊಳಗಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.