ಮುಂಬೈದಾಗ ಅರ್ಧ ದಿನ: ಕಾಳಾ ಘೋಡಾ ಮ್ಯೂಸಿಯಮ್ಮೋ, ಭಾಯಖಳಾದ್ದೋ?

ಅಕ್ಕಲಕೋಟೆಯಿಂದ ಪ್ರಶ್ನೆ: ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿಗೆ ಮುಂಜಾನೆ ಮುಂಬೈದಾಗ ಇಳೀತೀವಿ, ರಾತ್ರಿ ಅದೇ ಗಾಡಿಗೆ ವಾಪಸ್. ನಡುವ ಅರ್ಧ ದಿನ ಖಾಲಿ ಸಿಗ್ತದ. ಸಂಗಡ ಅಪ್ಪಾರು (ರಿಟೈರ್ಡ್ ಕನ್ನಡ ಸಾಲಿ ಮಾಸ್ತರು, ಮೊಣಕಾಲ್ ನೋವು), ಮೂರನೇತ್ತಾ ಓದೋ ಮಗ. ಕಾಳಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ಛಲೋನೋ, ಭಾಯಖಳಾದ ಭಾವು ದಾಜಿ ಲಾಡ್ ಮ್ಯೂಸಿಯಂ ಛಲೋನೋ? ಎರಡೂ ಆಗಂಗಿಲ್ಲ.

ಜತ್ತದಿಂದ: ಕನ್ನಡ ಮಾಸ್ತರು ಅಂದಮ್ಯಾಲ ವಿಚಾರ ಏನ್ರಿ, ಕಾಳಾ ಘೋಡಾಕ್ಕ ಹೋಗ್ರಿ. ನೆಲಮಹಡಿ ಶಿಲ್ಪ ವಿಭಾಗದಾಗ ನಮ್ಮ ಐಹೊಳೆ ಅದ. ಹುಚ್ಚಪ್ಪಯ್ಯನ ಗುಡಿಯ ಚಾವಣಿ ಕಲ್ಲು, ಬ್ರಹ್ಮ, ವಿಷ್ಣು, ಶಿವ ಪಾರ್ವತಿ. ಗುಡಿಯೊಳಗಿದ್ದರ ಕತ್ತೆತ್ತಿ ಕತ್ತಲದಾಗ ಹುಡುಕಬೇಕಿತ್ತು, ಇಲ್ಲಿ ಕಣ್ಣೆದುರಿಗೇ ನಿಲ್ಲಿಸ್ಯಾರ. ಐಹೊಳೆಯೊಳಗ ಖಾಲಿ ಚಾವಣಿ ನೋಡಿದವ ನಾನು. ಸಿಟ್ಟೂ ಬರ್ತದ, ಇಷ್ಟು ಸನೇಹ ನೋಡಾಕ ಸಿಕ್ತಲ್ಲ ಅಂತ ಖುಷಿನೂ ಆಗ್ತದ. ಒಳಗ ಹೋಗೂ ಮುಂಚೆ ಅಂಗಳದಾಗ ನಿಂತು ಗುಮ್ಮಟ ತೋರಸ್ರಿ. ಆರ್ಕಿಟೆಕ್ಟ್ ಜಾರ್ಜ್ ವಿಟೆಟ್ ಅದನ್ನ ನಮ್ಮ ವಿಜಾಪುರದ ಗೋಳಗುಮ್ಮಟ ನೋಡಿ ಮಾಡಿದ್ದು. 1905ರಾಗ ಅಡಿಗಲ್ಲು ಇಟ್ರು, ನಡುವ ಮೊದಲನೇ ಮಹಾಯುದ್ಧ ಬಂದು ಕಟ್ಟಡ ಮಿಲಿಟರಿ ದವಾಖಾನಿ ಆತು, ಜನಕ್ಕ ತೆರದದ್ದು 1922ರಾಗ. ಮ್ಯಾಲಿನ ಮಹಡಿ ಎಲ್ಲಾ ಹತ್ತಬ್ಯಾಡ್ರಿ. ಟಾಟಾ ಮನೆತನದವರು ಕೊಟ್ಟ ಯುರೋಪಿನ ಚಿತ್ರ ಬಿಟ್ರೂ ಮಾಸ್ತರಿಗೆ ಏನೂ ನಷ್ಟಿಲ್ಲ.

ದಕ್ಷಿಣ ಸೊಲ್ಲಾಪುರದಿಂದ: ಹುಡುಗನ ಬಗ್ಗೆ ಯಾರೂ ಮಾತಾಡವಲ್ರಿ! ಕಲ್ಲು ನೋಡಿ ಹತ್ತು ನಿಮಿಷಕ್ಕ "ಮನಿಗೆ ನಡಿ" ಅಂತದ. ಭಾವು ದಾಜಿ ಲಾಡ್ ಸಣ್ಣದು, 1872ರಾಗ ತೆರದದ್ದು, ಮುಂಬೈದಾಗ ಎಲ್ಲಕ್ಕಿಂತ ಹಳೇದು. ಹಳೇ ಮುಂಬೈ ಜನರ ಮಣ್ಣಿನ ಗೊಂಬಿ, ಕಸಬಿನವರು, ಊರಿನ ಮಾದರಿ, ಮಕ್ಕಳು ಗಾಜಿಗೆ ಮೂಗು ಹಚ್ಚಿ ನಿಂತುಬಿಡ್ತಾವ. ಹೊರಗ ಘಾರಾಪುರಿಯ (ಎಲಿಫೆಂಟಾ ದ್ವೀಪದ) ಕಲ್ಲಾನಿ ಅದ. ಇಂಗ್ಲೆಂಡಿಗೆ ಒಯ್ಯಾಕ ಎತ್ತುವಾಗ ಒಡದು, ಆಮೇಲೆ ತುಂಡು ಜೋಡಿಸಿ ನಿಲ್ಲಿಸಿದ್ದು. ಮಗ್ಗಲಕ್ಕೇ ಝೂ ಇರೋ ರಾಣಿಚಾ ಬಾಗ್, ಪೆಂಗ್ವಿನ್ ಬ್ಯಾರೆ ಅವ. ನೀವು ಇಳಿಯೋ ಸಿಎಸ್‌ಎಂಟಿ ಸ್ಟೇಷನ್ನಿಂದ ಲೋಕಲ್‌ದಾಗ ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಆಮೇಲೆ ಭಾಯಖಳಾ, ಅಷ್ಟೇ.

ಜತ್ತದಿಂದ ಮತ್ತ: ಆ ಬಾಗ್ ತಿರುಗೂದು ಮೊಣಕಾಲಿನವರ ಕೆಲಸ ಅಲ್ರಿ. ಹುಡುಗರ ಸಲುವಾಗಿ ಕಾಳಾ ಘೋಡಾದ ಆವಾರದಾಗೇ 2019ರಾಗ ಮಕ್ಕಳ ಮ್ಯೂಸಿಯಂ ಮಾಡ್ಯಾರ. ಒಳಗ ಅಕ್ಬರನ ಉಕ್ಕಿನ ಕವಚನೂ ಅದ, ಅದನ್ನ ನೋಡಿದ ಹುಡುಗ "ನಡಿ" ಅನ್ನಂಗಿಲ್ಲ.

ಹೊಸೂರಿನಿಂದ: ಯಾವ ವಾರ ಹೋಗ್ತೀರಿ ಅಂತ ಯಾರೂ ಕೇಳ್ಲಿಲ್ವಲ್ಲ. ಭಾಯಖಳಾದ್ದಕ್ಕೂ ಅಲ್ಲಿನ ಝೂಗೂ ಬುಧವಾರ ರಜೆ.

ಅಕ್ಕಲಕೋಟೆ: ನಾವು ಹೋಗೂದು ಬುಧವಾರನೇ ಅದ! ಐಹೊಳೆ ಅಂದಕೂಡ್ಲೇ ಅಪ್ಪಾರು ಚಷ್ಮಾ ಒರಸಾಕ ಕುಂತಾರ. ಬ್ಯಾಗ್ ಎಲ್ಲಿ ಇಡೂದು?

ಜತ್ತದಿಂದ: ಸಿಎಸ್‌ಎಂಟಿ ಕ್ಲೋಕ್‌ರೂಮಿನ್ಯಾಗ. ಕೀಲಿ ಹಾಕಿದ ಬ್ಯಾಗ್ ಇರಲಿ, ತಿಕೀಟು ಕೈಯಾಗಿರಲಿ. ಅಲ್ಲಿಂದ ಟ್ಯಾಕ್ಸಿ ಮಾಡ್ರಿ, ಅಪ್ಪಾರನ್ನ ದಾರ್ಯಾಗಿನ ಹುತಾತ್ಮಾ ಚೌಕದ ತನಕನೂ ನಡಸಬ್ಯಾಡ್ರಿ.