ಬೆನ್ನುನೋವಿಗೆ ಎಂಆರ್‌ಐ ಬರೆದಿದ್ದಾರೆ: ಸಿಟಿ ಸ್ಕ್ಯಾನ್ ಸಾಲದೇ?

ಪ್ರಶ್ನೆ (ದಾವಣಗೆರೆಯಿಂದ)
ನನ್ನ ತಂದೆಯವರಿಗೆ 68 ವರ್ಷ. ಎರಡು ತಿಂಗಳಿನಿಂದ ಅವರ ಸೊಂಟದ ನೋವು ಎಡಗಾಲಿನ ಹಿಂಬದಿಯಲ್ಲಿ ಪಾದದವರೆಗೂ ಇಳಿಯುತ್ತಿದೆ. ಈಚೆಗೆ ಹೆಬ್ಬೆರಳು ಜೋಮು ಹಿಡಿಯುತ್ತದೆ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ವಯಸ್ಸಿಗೆ ತಕ್ಕ ಸವೆತವಲ್ಲದೆ ಬೇರೇನೂ ಕಾಣಲಿಲ್ಲವಾದ್ದರಿಂದ ಮೂಳೆ ವೈದ್ಯರು ಎಂಆರ್‌ಐ ಬರೆದಿದ್ದಾರೆ. ನಾಲ್ಕು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿರುವ ತಂದೆಯವರಿಗೆ ಆ ಯಂತ್ರವೆಂದರೆ ಭಯ. ಸಿಟಿ ಸ್ಕ್ಯಾನ್ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ, ಅದನ್ನೇ ಮಾಡಿಸಿ ಎಂದು ನೆರೆಯವರೊಬ್ಬರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1
ನಾನು ಸ್ಕ್ಯಾನಿಂಗ್ ಕೇಂದ್ರದಲ್ಲಿ ಟೆಕ್ನಿಷಿಯನ್. ಎಕ್ಸ್‌ರೇ ಚಿಕ್ಕದು, ಸಿಟಿ ಅದಕ್ಕಿಂತ ದೊಡ್ಡದು, ಎಂಆರ್‌ಐ ಎಲ್ಲಕ್ಕಿಂತ ದೊಡ್ಡದು ಎಂದು ಬಹಳ ಮಂದಿ ತಿಳಿದಿರುತ್ತಾರೆ, ಅದು ಸರಿಯಲ್ಲ. ಸಿಟಿಯಲ್ಲಿಯೂ ಬಳಸುವುದು ಎಕ್ಸ್‌ರೇ ಕಿರಣಗಳನ್ನೇ. ಕೊಳವೆಯು ದೇಹದ ಸುತ್ತ ತಿರುಗುತ್ತ ಹೋಳುಹೋಳಾಗಿ ಚಿತ್ರ ತೆಗೆಯುತ್ತದೆ. ತಲೆಗೆ ಪೆಟ್ಟು ಬಿದ್ದು ರಕ್ತಸ್ರಾವದ ಅನುಮಾನವಿದ್ದಾಗ, ಮೂತ್ರಪಿಂಡದ ಕಲ್ಲಿಗೆ, ಶ್ವಾಸಕೋಶಕ್ಕೆ ಅದೇ ಉತ್ತಮ. ಎಂಆರ್‌ಐ ದೇಹದ ನೀರಿನಲ್ಲಿರುವ ಹೈಡ್ರೋಜನ್ನಿನಿಂದ ಬರುವ ಸಂಕೇತಗಳನ್ನು ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ನೆರವಿನಿಂದ ಹಿಡಿಯುವುದರಿಂದ, ನೀರು ಬತ್ತಿದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಕಪ್ಪಗೆ ಕಾಣುತ್ತದೆ ಮತ್ತು ಅದು ಯಾವ ನರವನ್ನು ಒತ್ತುತ್ತಿದೆ ಎಂಬುದೂ ತಿಳಿಯುತ್ತದೆ. ನಿಮ್ಮ ತಂದೆಯವರ ವಿಷಯದಲ್ಲಿ ವೈದ್ಯರಿಗೆ ಬೇಕಾಗಿರುವುದು ಇದೇ. ಅದರಲ್ಲಿ ವಿಕಿರಣವೂ ಇಲ್ಲ. ಎದೆಯ ಒಂದು ಎಕ್ಸ್‌ರೇಯಲ್ಲಿ ಸುಮಾರು 0.1 ಮಿಲಿಸೀವರ್ಟ್ (ವಿಕಿರಣದ ಅಳತೆ) ತಗುಲಿದರೆ ಹೊಟ್ಟೆಯ ಸಿಟಿಯಲ್ಲಿ ಅದರ ಹತ್ತಾರು ಪಟ್ಟು ತಗುಲುತ್ತದೆ.

ಈಗ ಬಳಕೆಯಲ್ಲಿರುವ ಹೃದಯದ ಸ್ಟೆಂಟ್‌ಗಳು ಸಾಮಾನ್ಯವಾಗಿ ಎಂಆರ್‌ಐಗೆ ಅಡ್ಡಿಯಾಗುವುದಿಲ್ಲ. ಆದರೂ ಡಿಸ್ಚಾರ್ಜ್ ಸಾರಾಂಶವನ್ನು ತಪ್ಪದೆ ತನ್ನಿ. ನಾವು ನಿಜವಾಗಿ ಅಂಜುವುದು ಹಳೆಯ ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಲೇತ್ ಅಥವಾ ವೆಲ್ಡಿಂಗ್ ಕೆಲಸ ಮಾಡಿದವರ ಕಣ್ಣಿನಲ್ಲಿ ಉಳಿದ ಲೋಹದ ಚೂರು, ಇಂಥವಕ್ಕೆ. ಸ್ಕ್ಯಾನ್ ನಡೆಯದಿರುವಾಗಲೂ ಅಯಸ್ಕಾಂತ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದನ್ನು ಜೊತೆಗೆ ಬರುವವರು ಮರೆಯುತ್ತಾರೆ.

ಉತ್ತರ 2
ನಮ್ಮ ತಾಯಿಗೆ ಕಳೆದ ವರ್ಷ ಇದೇ ಸ್ಕ್ಯಾನ್ ಆಯಿತು. ತಾಳಿ ತೆಗೆಯಬೇಕೆಂದಾಗ ಅವರು ಒಪ್ಪಲೇ ಇಲ್ಲ. ಕೊನೆಗೆ ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕಿಕೊಂಡು ಒಳಗೆ ಹೋದರು. ನಿಮ್ಮ ತಂದೆಯವರ ಉಡಿದಾರ, ಉಂಗುರಗಳನ್ನು ಮನೆಯಲ್ಲಿಯೇ ತೆಗೆದಿಡುವುದು ಒಳ್ಳೆಯದು. ಸುಮಾರು ಅರ್ಧ ಗಂಟೆ ಅಲುಗಾಡದೆ ಮಲಗಬೇಕು, ಸದ್ದು ವಿಪರೀತ. ಕಿವಿಗೆ ಮುಚ್ಚಳ ಕೊಡುತ್ತಾರೆ, ತೊಂದರೆಯಾದರೆ ಅದುಮಲು ಕೈಗೆ ಒಂದು ರಬ್ಬರ್ ಬಲ್ಬನ್ನೂ ಕೊಡುತ್ತಾರೆ. ಇದನ್ನು ಮುಂಚೆಯೇ ಹೇಳಿದ್ದರೆ ತಾಯಿ ಅಷ್ಟು ಹೆದರುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಮೂತ್ರಪಿಂಡದ ಕೆಲಸವನ್ನು ತಿಳಿಸುವ ರಕ್ತಪರೀಕ್ಷೆಯಲ್ಲಿ ತಂದೆಯವರ ಕ್ರಿಯಾಟಿನಿನ್ 1.6 ಇದೆ. ಔಷಧಿಯ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡುತ್ತಾರೆಂದು ಕೇಳಿದ್ದೇನೆ, ಅದರಿಂದ ತೊಂದರೆಯಾದೀತೇ?

ಉತ್ತರ 1
ಡಿಸ್ಕ್ ನೋಡುವುದಕ್ಕೆ ಸಾಮಾನ್ಯವಾಗಿ ಆ ಇಂಜೆಕ್ಷನ್ ಬೇಕಾಗುವುದಿಲ್ಲ. ಸೋಂಕು ಅಥವಾ ಗಡ್ಡೆಯ ಅನುಮಾನವಿದ್ದರೆ, ಬೆನ್ನಿಗೆ ಮೊದಲೇ ಶಸ್ತ್ರಚಿಕಿತ್ಸೆಯಾಗಿದ್ದರೆ ಗ್ಯಾಡೋಲಿನಿಯಂ ಇರುವ ಔಷಧಿ ಕೊಡುವುದುಂಟು. ಕ್ರಿಯಾಟಿನಿನ್ ವರದಿಯನ್ನು ಕೌಂಟರಿನಲ್ಲಿ ಮೊದಲೇ ತೋರಿಸಿ, ಬೇಕೋ ಬೇಡವೋ ಎಂಬುದನ್ನು ರೇಡಿಯಾಲಜಿಸ್ಟ್ ತೀರ್ಮಾನಿಸುತ್ತಾರೆ. ಇನ್ನೊಂದು ಮಾತು: ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದಿದರೆ ಸ್ಕ್ಯಾನಿನ ದಿನಾಂಕಕ್ಕೆ ಕಾಯದೆ ಅಂದೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.