ಚೆಂಡು ಹೂವಿನಲ್ಲಿ ಡಿಸ್ಕ್ ಫ್ಲೋರೆಟ್ ಸಿಗ್ತಾ ಇಲ್ಲ, ಯಾವ ಹೂ ತಗೊಳ್ಳಲಿ?

ಹಸಿರುಪೆನ್ನು:
ಬಿಎಸ್ಸಿ ಪ್ರಾಕ್ಟಿಕಲ್‌ಗೆ ಆಸ್ಟರೇಸಿ (ಸೂರ್ಯಕಾಂತಿ, ಚೆಂಡು ಹೂವಿನ) ಕುಟುಂಬ ಇದೆ. ಒಂದೇ ಹೂ ಅಂತ ಕಾಣೋದು ನಿಜವಾಗಿ ಪುಟ್ಟ ಹೂಗಳ ಗುಂಪು, ಅಂಚಿಗೆ ಎಸಳಿನಂಥ ರೇ ಫ್ಲೋರೆಟ್, ನಡುವೆ ಕೊಳವೆಯಂಥ ಡಿಸ್ಕ್ ಫ್ಲೋರೆಟ್, ಅಷ್ಟು ಗೊತ್ತು. ಆದರೆ ಮಾರ್ಕೆಟ್‌ನಿಂದ ತಂದ ಚೆಂಡು ಹೂ ಬಿಡಿಸಿದರೆ ಬರೀ ಎಸಳು, ಚಿತ್ರದಲ್ಲಿರುವ ಕೊಳವೆ ಹೂ ಒಂದೂ ಇಲ್ಲ. ಸೇವಂತಿಗೆಯೂ ಹಾಗೇ. ಸೂರ್ಯಕಾಂತಿ ಇಲ್ಲಿ ಈಗ ಸಿಗಲ್ಲ. ಏನು ಮಾಡಲಿ?

ಬೇಲಿಸಾಲು:
ಹಾರಕ್ಕೆ ಬೆಳೆಯೋ ತಳಿಗಳೆಲ್ಲ ಡಬಲ್ ಹೂವಿನವು. ದಪ್ಪಗೆ ಕಾಣಲಿ ಅಂತ ಆರಿಸಿ ಆರಿಸಿ, ನಡುವೆಯೂ ಎಸಳಿನಂಥ ಫ್ಲೋರೆಟ್ಟೇ ತುಂಬಿಕೊಂಡಿವೆ. ಕಲಿಯೋದಕ್ಕೆ ಅವು ಬೇಡ. ರಸ್ತೆ ಬದಿಯ ಟ್ರೈಡಾಕ್ಸ್ ತಗೊಳ್ಳಿ. ಅದೇ, ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ಪುಟ್ಟ ಹೂ, ಅಂಚು ತಿಳಿ ಹಳದಿ, ನಡುವೆ ಗಾಢ ಹಳದಿ. ವರ್ಷವಿಡೀ ಸಿಗುತ್ತೆ.

ಬ್ಲೇಡಿನಿಂದ ತೊಟ್ಟಿನ ಸಮೇತ ಉದ್ದಕ್ಕೆ ಎರಡು ಹೋಳು ಮಾಡಿ. ಹೊರಗೆ ಎಲೆಯಂಥ ಹಸಿರು ಬ್ರ್ಯಾಕ್ಟ್‌ಗಳು, ಒಳಗೆ ಸ್ವಲ್ಪ ಉಬ್ಬಿದ ಪುಷ್ಪಪೀಠ (ತೊಟ್ಟಿನ ಅಗಲವಾದ ತುದಿ), ಅದರ ಮೇಲೆ ಸಾಲಾಗಿ ನಿಂತ ಫ್ಲೋರೆಟ್‌ಗಳು. ನಡುನಡುವೆ ತೆಳ್ಳಗೆ ಪೊರೆಯಂಥದ್ದು ಕಾಣುತ್ತೆ, ಅದು ಪೇಲಿಯ. ಅಂಚಿನ ರೇ ಫ್ಲೋರೆಟ್ ಎಸಳಿನ ತುದಿಯಲ್ಲಿ ಮೂರು ಹಲ್ಲು. ಅದರಲ್ಲಿ ಕೇಸರ ಇರಲ್ಲ, ಬರೀ ಹೆಣ್ಣು. ನಡುವಿನದು ದ್ವಿಲಿಂಗಿ, ತುದಿಯಲ್ಲಿ ಐದು ಹಲ್ಲು.

ಲೆನ್ಸ್‌ಜೇಬು:
ಕೇಸರದ ಕೊಳವೆ ನೋಡೋಕೆ 10ಎಕ್ಸ್ ಲೆನ್ಸ್ ಸಾಕು. ಹೂಗಳು ಅಂಚಿನಿಂದ ನಡುವಿಗೆ ಅರಳುತ್ತಾ ಹೋಗುತ್ತವೆ, ಹಾಗಾಗಿ ಒಂದೇ ತಲೆಯಲ್ಲಿ (ಹೂಗುಂಪಿನಲ್ಲಿ) ಎಲ್ಲ ಹಂತವೂ ಸಿಗುತ್ತೆ. ನಟ್ಟನಡುವೆ ಮೊಗ್ಗು. ಅದರಾಚೆ ಈಗಷ್ಟೇ ಅರಳಿದ್ದು: ಐದು ಪರಾಗಕೋಶ ಅಂಟಿಕೊಂಡು ಕೊಳವೆಯಾಗಿ, ಪರಾಗ ಆ ಕೊಳವೆಯ ಒಳಕ್ಕೇ ಉದುರಿರುತ್ತೆ. ಶಲಾಕೆ, ಅಂದರೆ ಹೆಣ್ಣು ಭಾಗದ ಕಡ್ಡಿ, ಕೆಳಗಿನಿಂದ ಬೆಳೆಯುತ್ತಾ, ಸಿರಿಂಜಿನ ಪಿಸ್ಟನ್ ತರಹ ಪರಾಗವನ್ನು ಮೇಲಕ್ಕೆ ತಳ್ಳುತ್ತೆ. ಇನ್ನೂ ಅಂಚಿಗೆ ಬಂದರೆ ಶಲಾಕೆಯ ತುದಿ ಎರಡಾಗಿ ಸೀಳಿ ಹೊರಕ್ಕೆ ಬಾಗಿರುತ್ತೆ. ಅಂದರೆ ಮೊದಲು ಗಂಡು ಹಂತ, ಆಮೇಲೆ ಹೆಣ್ಣು ಹಂತ. ನನಗೆ ಈ ಕುಟುಂಬದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ, ಪುಸ್ತಕದಲ್ಲಿ ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿಬಿಡ್ತಾರೆ.

ಇನ್ನೊಂದು ವಿಷಯ. ರೆಕಾರ್ಡ್‌ನಲ್ಲಿ ಸುಮ್ನೆ 'ರೇ ಹೆಣ್ಣು, ಡಿಸ್ಕ್ ದ್ವಿಲಿಂಗಿ' ಅಂತ ಎಲ್ಲದಕ್ಕೂ ಬರೀಬೇಡಿ. ಸೂರ್ಯಕಾಂತಿಯ ರೇ ಫ್ಲೋರೆಟ್ ಬಂಜೆ, ಕಾಳು ಕಟ್ಟೋದು ನಡುವಿನವು ಮಾತ್ರ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಪೂರ್ತಿ ಉಲ್ಟಾ. ಅದರ ಡಿಸ್ಕ್ ಫ್ಲೋರೆಟ್ ಗಂಡಿನ ಕೆಲಸ ಮಾತ್ರ ಮಾಡುತ್ತೆ, ಬೀಜ ಅಂಚಿನ ಐದು ಪುಟ್ಟ ರೇ ಫ್ಲೋರೆಟ್‌ಗಳಿಂದಲೇ. (ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮಕ್ಕೂ ಮೂಗಿಗೂ ಅಲರ್ಜಿ ಜಾಸ್ತಿ.)

ಬೇಲಿಸಾಲು:
ಸಮಯ ಇದ್ದರೆ ಇದೇ ಕುಟುಂಬದ ಕಳೆಗಿಡಗಳಾದ ಸಹದೇವಿ ಮತ್ತು ಸಾಂಕಸ್ ಕೂಡ ನೋಡಿ. ನೇರಳೆ ಬಣ್ಣದ ಸಹದೇವಿಯಲ್ಲಿ ರೇ ಇಲ್ಲವೇ ಇಲ್ಲ, ಎಲ್ಲಾ ಕೊಳವೆ ಹೂ. ಸಾಂಕಸ್ ಕಿತ್ತರೆ ಹಾಲು ಬರುತ್ತೆ, ಅದರಲ್ಲಿ ಎಲ್ಲವೂ ಪಟ್ಟಿಯಂಥ ಹೂ, ತುದಿಯಲ್ಲಿ ಐದು ಹಲ್ಲು. ಟ್ರೈಡಾಕ್ಸ್‌ನ ಮೂರು ಹಲ್ಲಿನ ಪಕ್ಕ ಇಟ್ಟು ಹೋಲಿಸಿ.

ಹಸಿರುಪೆನ್ನು:
ಟ್ರೈಡಾಕ್ಸ್ ಸಿಕ್ಕಿತು, ಹಿತ್ತಲಲ್ಲೇ ಇತ್ತು! ಫ್ಲೋರೆಟ್ ಬುಡದಲ್ಲಿ ಗರಿಯಂಥ ರೋಮ ಇದೆ, ಅದು ಪ್ಯಾಪಸ್ ಅಲ್ವಾ? ಫ್ಲೋರಲ್ ಫಾರ್ಮುಲಾದಲ್ಲಿ (ಹೂವಿನ ಭಾಗಗಳನ್ನು ಅಕ್ಷರಗಳಲ್ಲಿ ಬರೆಯೋ ಸೂತ್ರ) ಎಲ್ಲಿ ಬರೀಬೇಕು?

ಲೆನ್ಸ್‌ಜೇಬು:
ಹೌದು. ಅದು ಪುಷ್ಪಪಾತ್ರೆಯ ಬದಲು ಬಂದಿರೋದು, ಹಾಗಾಗಿ ಪುಷ್ಪಪಾತ್ರೆಯನ್ನು ಸೂಚಿಸೋ ಕೆ (K) ಜಾಗದಲ್ಲಿ ಪ್ಯಾಪಸ್ ಅಂತ ಬರೆಯಿರಿ. ಅಂಡಾಶಯ ಅದರ ಕೆಳಗಿದೆ, ಅದನ್ನು ತೋರಿಸೋಕೆ ಹೆಣ್ಣು ಭಾಗದ ಅಕ್ಷರ ಜಿ (G) ಮೇಲಿನ ಗೆರೆ ಮರೀಬೇಡಿ. ಒಳಗೆ ಒಂದೇ ಅಂಡ, ತಳದಿಂದ ಎದ್ದಿರುತ್ತೆ. ಅಡ್ಡ ಕೊಯ್ದರೆ ಅದು ಗೊತ್ತಾಗಲ್ಲ, ಉದ್ದಕ್ಕೇ ಸೀಳಿ.